ಪಾಮನಕಲ್ಲೂರಿನಲ್ಲಿ ಓದಿದ ಹಿಮದ ಪುಸ್ತಕ

"ಮೇಡಂ, ಈ ವರ್ಷ ಏನೇನ ಓದಿದ್ರಿ, ಹೇಳ್ರಿ" ಎಂದು ಯಾರಾದರೂ ಕೇಳಿದರೆ ಸಾಕು, ನನಗೆ ಬಾಯಿ ನಿಲ್ಲುವುದಿಲ್ಲ. ಸಿಂಧನೂರಿನ ನಮ್ಮ ಓದುಗ ಗೆಳತಿಯರು ಅದನ್ನು ಬಲ್ಲರು. ಅವರು ಕಾದಂಬರಿಗಳ ಹೆಸರು ಹೇಳಿ ಮುಗಿಸಿದ ಮೇಲೆ ಕಡೆಗೆ ನನ್ನ ಕಡೆ ತಿರುಗಿ, "ನಿಮ್ಮ ಬಂದೂಕಿನ ಪುಸ್ತಕ ಯಾವುವು?" ಎಂದು ಕೀಟಲೆ ಮಾಡುತ್ತಾರೆ. ಇತಿಹಾಸದ ಮೇಷ್ಟ್ರು ಗಂಡಸಾಗಿ ಯುದ್ಧದ ಪುಸ್ತಕ ಓದಿದರೆ ವಿದ್ವಾಂಸ, ಹೆಂಗಸು ಓದಿದರೆ ಏನೋ ಕೊರತೆ ಎಂಬಂತೆ ನೋಡುವವರು ಇನ್ನೂ ಇದ್ದಾರೆ. ನಾನು ಅವರಿಗೆಲ್ಲ ಸೊಪ್ಪು ಹಾಕುವುದಿಲ್ಲ.

ಈ ಸಲ ಹೇಳಿದ್ದು ಇವು. ಒಂದು, ಯುದ್ಧವನ್ನು ಹೇಸರಗತ್ತೆಗಳ ಬೆನ್ನ ಮೇಲಿಂದ ನೋಡಿದ ಪುಸ್ತಕ; ಅದರಲ್ಲಿ ಸೇನಾಪತಿಗಳಿಗಿಂತ ಮೂಟೆ ಹೊತ್ತವರೇ ಹೆಚ್ಚು. ಇನ್ನೊಂದು, ಶತ್ರುದೇಶದ ಸೆರೆಯಲ್ಲಿ ಹೊಲಿಗೆ ಕಲಿತು ಬಂದ ಸೈನಿಕನೊಬ್ಬನ ನೆನಪುಗಳು. ಮತ್ತೊಂದು ದಖನ್ನಿನ ಸಣ್ಣ ಸೇನಾ ಛಾವಣಿಗಳ ಇತಿಹಾಸ. ಅದರಲ್ಲಿ ನನ್ನ ಹುಟ್ಟೂರು ಲಿಂಗಸುಗೂರಿಗೆ ಅರ್ಧ ಪುಟ ಸಿಕ್ಕಿದೆ, ಆ ಅರ್ಧ ಪುಟದಲ್ಲೂ ತಪ್ಪುಗಳಿವೆ. ಬಾಯಿ ಬದಲಿಸಲು ಮತ್ತೊಮ್ಮೆ ಓದಿದ ಗೂಬೆಗಳ ಹಳೆಯ ಪುಸ್ತಕ, ಬಳೆ ಅಂಗಡಿ ನಡೆಸುವ ಅಕ್ಕತಂಗಿಯರ ಒಂದು ಕಾದಂಬರಿ. ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿ ಫೋಟೊ ತೆಗೆಯೋಣವೆಂದು ಕಪಾಟಿಗೆ ಕೈ ಹಾಕಿದಾಗ ಹಿಂದಿನ ಸಾಲಿನಿಂದ ಇನ್ನೊಂದು ಪುಸ್ತಕ ಜಾರಿ ಬಿತ್ತು. ಬಿದ್ದ ಕೂಡಲೇ ಊದಿನಕಡ್ಡಿಯ ವಾಸನೆ, ವಿಭೂತಿಯ ವಾಸನೆ. ಫೋಟೊ ಅಲ್ಲಿಗೇ ನಿಂತಿತು.

ಹಿಮದ ಗಡಿಯಲ್ಲಿ ಕೆಲಸ ಮಾಡಿದ ನಿವೃತ್ತ ಅಧಿಕಾರಿಯೊಬ್ಬರು ಇಂಗ್ಲಿಷಿನಲ್ಲಿ ಬರೆದ ಪುಸ್ತಕ ಅದು. ನಾನು ಓದಿದ ಸೇನೆಯ ಪುಸ್ತಕಗಳಲ್ಲಿ ಅಷ್ಟು ಒಳ್ಳೆಯದು ಬೇರೆ ಇಲ್ಲ. ಆದರೂ ಅದನ್ನು ಓದಿರೆಂದು ನಾನು ಯಾರಿಗೂ ಹೇಳಿಲ್ಲ. ಅದನ್ನು ಓದಿದ ಮಳೆಗಾಲದಿಂದ ನನಗೊಂದು ಕಾಟ ಅಂಟಿಕೊಂಡಿದೆ. ಯಾವುದೇ ಯುದ್ಧದ ಪುಸ್ತಕವಿರಲಿ, ಯಾರಾದರೂ ಸತ್ತ ಪುಟದಲ್ಲಿ ಮುಚ್ಚಲು ನನ್ನ ಕೈಗೆ ಆಗುವುದಿಲ್ಲ. ಯಾರೋ ಉಂಡರು, ಯಾರೋ ನಕ್ಕರು ಎನ್ನುವವರೆಗೆ ಓದುತ್ತಲೇ ಇರಬೇಕು. ಒಲೆಯ ಮೇಲೆ ಹಾಲು ಉಕ್ಕಿದರೂ ಅಷ್ಟೇ.

ಆಗ ನಾನು ಮಸ್ಕಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಲಿಂಗಸುಗೂರಿನಿಂದ ದಿನಾ ಬಸ್ಸಿನಲ್ಲಿ ಓಡಾಟ. ಮಸ್ಕಿಯಲ್ಲಿ ಇತಿಹಾಸ ಎಂದರೆ ಗುಡ್ಡದ ಮೇಲಿನ ಅಶೋಕನ ಶಾಸನ, ಶಾಸನ ಎಂದರೆ ಯುದ್ಧ ಬಿಟ್ಟ ರಾಜನ ಪಶ್ಚಾತ್ತಾಪ. ಈ ಶಾಸನದಲ್ಲಿ ಯುದ್ಧದ ಮಾತೇ ಇಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ಆ ಊರಿನಲ್ಲಿ ನನ್ನ ಪುಸ್ತಕಗಳಿಗೆ ಒಬ್ಬನೇ ಗಿರಾಕಿ, ಖಾಜಾಸಾಬ್. ಸೈನ್ಯದಲ್ಲಿ ಸುಬೇದಾರನಾಗಿ ನಿವೃತ್ತನಾಗಿ ಬಂದು ಬಸ್ ನಿಲ್ದಾಣದ ಬಳಿ ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟಿದ್ದ. ಇಂಗ್ಲಿಷ್ ನಿಧಾನಕ್ಕೆ ಓದುತ್ತಿದ್ದ, ಆದರೆ ಬಿಡುತ್ತಿರಲಿಲ್ಲ. ನಾನು ಬಹಳ ಹೊಗಳಿ ಕೊಟ್ಟ ಒಬ್ಬ ಜನರಲ್‌ನ ಆತ್ಮಕಥೆಯನ್ನು ಎರಡೇ ವಾರದಲ್ಲಿ ವಾಪಸ್ ತಂದು ಗಲ್ಲಾದ ಮೇಲೆ ಇಟ್ಟ.

"ಬ್ಯಾಡ್ರಿ ಮೇಡಂ ಇದು. ದೊಡ್ಡ ಸಾಹೇಬ್ರು ಬರದ ಪುಸ್ತಕದಾಗ ಯಾರಿಗೂ ಹಸಿವು ಆಗಂಗಿಲ್ಲ ನೋಡ್ರಿ."

ಮೃಗಶಿರ ಮಳೆ ಮುಗಿದು ತೊಗರಿ ಮೊಳಕೆಯೊಡೆದಿದ್ದ ದಿನಗಳವು. ಒಂದು ಸಂಜೆ ಅವನು ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದ. "ಬರ್ಫದ ಪುಸ್ತಕ ಐತೇನ್ರಿ ನಿಮ್ಮ ಹಂತ್ಯಾಕ? ಬರ್ಫ ಬಿದ್ದು ಮಂದಿ ಸತ್ತಿದ್ದು, ಹುಡುಕಿದ್ದು, ಎಲ್ಲಾ ಖರೇ ಖರೇ ಬರದಿರಬೇಕು. ನನಗಲ್ಲ. ಒಬ್ಬಾಕಿಗೆ ಓದಿ ಹೇಳಬೇಕಾಗೇತಿ."

ಆಗ ಗೊತ್ತಾಯಿತು, ಪಾಮನಕಲ್ಲೂರಿನ ಅಮರೇಶನ ಸುದ್ದಿ. ಮಸ್ಕಿಯ ಮೈದಾನದಲ್ಲಿ ಬೆಳಗಾಗುವುದರೊಳಗೆ ಎಬ್ಬಿಸಿ ಓಡಿಸಿ, ಸೈನ್ಯದ ಭರ್ತಿಗೆ ಕಳಿಸಿದವನು ಖಾಜಾಸಾಬನೇ. ಹುಡುಗ ಮದುವೆಯಾಗಿ ವರ್ಷ ತುಂಬುವುದರೊಳಗೆ ಹಿಮದ ಗಡಿಯ ಪೋಸ್ಟಿಗೆ ಹೋದ. ಕಳೆದ ಚಳಿಗಾಲದಲ್ಲಿ ಹಿಮ ಕುಸಿದು ಅದರಡಿ ಹೂತುಹೋದ. ದೇಹ ಸಿಕ್ಕಿದೆ, ತರುತ್ತಿದ್ದಾರೆ ಎಂದು ಮೊದಲು ಸುದ್ದಿ ಬಂತಂತೆ. ಹಿರಿಯರು ತಡಮಾಡದೆ ಅವರ ಹೊಲದ ಮೂಲೆಯಲ್ಲಿ, ಅವನ ಅಪ್ಪನ ಸಮಾಧಿಯ ಪಕ್ಕದಲ್ಲಿ ಕುಣಿ ತೋಡಿಸಿದರು. ಮರುದಿನ, ಸಿಕ್ಕಿದ್ದು ಬೇರೊಬ್ಬರ ದೇಹ ಎಂದು ತಿಳಿಯಿತು. ಅಮರೇಶ ಸಿಗಲೇ ಇಲ್ಲ. ಕುಣಿ ಬಾಯಿ ತೆರೆದುಕೊಂಡೇ ಉಳಿಯಿತು.

ತೋಡಿದ ಕುಣಿಯನ್ನು ಖಾಲಿ ಬಿಡಬಾರದು ಎಂಬುದು ನಮ್ಮ ಕಡೆಯ ದೊಡ್ಡ ಭಯ. ಅದು ಇನ್ನೊಬ್ಬರನ್ನು ಕರೆಯುತ್ತದೆ ಎನ್ನುತ್ತಾರೆ. ಊರಲ್ಲಿ ಒಬ್ಬ ಮುದುಕ ತೀರಿದ, ಆಮೇಲೊಬ್ಬಳು ಹಾವು ಕಚ್ಚಿ ಸತ್ತಳು. ಜನ ಆ ಹೊಲದ ದಾರಿ ಬಿಟ್ಟು ಸುತ್ತು ಹಾಕಿ ಹೋಗತೊಡಗಿದರು. ಸಲಿಕೆ ಹಿಡಿದು ಮುಚ್ಚಲು ಹೋದವರೆದುರು ಅಮರೇಶನ ತಾಯಿ ನೀಲಮ್ಮ ಕುಣಿಯೊಳಗೆ ಇಳಿದು ಕುಳಿತುಬಿಟ್ಟಳಂತೆ.

"ನನ್ನ ಮ್ಯಾಗ ಮಣ್ಣ ಎಳೀರಿ ಅಂದ್ಲು. ಮಗಗ ಏನಾತು ಅಂತ ನನಗ ಯಾರೂ ಬಿಡಿಸಿ ಹೇಳಿಲ್ಲ, ತಿಳದ ದಿನ ನಾನಽ ಮುಚ್ಚಿಸ್ತೀನಿ ಅಂದ್ಲು. ಅದಕ್ಕ ಕೇಳಾಕತ್ತೀನ್ರಿ ಪುಸ್ತಕ" ಎಂದ ಖಾಜಾಸಾಬ್. ಅವನ ಮುಖ ನೋಡಲು ನನಗೆ ಆಗಲಿಲ್ಲ.

ಶ್ರಾವಣದ ಮೊದಲ ಭಾನುವಾರ ಇಬ್ಬರೂ ಬಸ್ಸಿನಲ್ಲಿ ಪಾಮನಕಲ್ಲೂರಿಗೆ ಹೋದೆವು. ಜಿಟಿಜಿಟಿ ಮಳೆ. ಎರೆ ಮಣ್ಣು ಚಪ್ಪಲಿಗೆ ಮೆತ್ತಿ ಹೆಜ್ಜೆ ಎತ್ತಲಾಗುತ್ತಿರಲಿಲ್ಲ. ಕುಣಿಯ ಪಕ್ಕದಲ್ಲೇ ದಾರಿ. ನೋಡಬಾರದು ಎಂದುಕೊಂಡೇ ನೋಡಿದೆ. ಅರ್ಧಕ್ಕೆ ಕಪ್ಪು ರಾಡಿ ನೀರು ನಿಂತಿತ್ತು, ಒಳಗೆ ಕಪ್ಪೆಗಳು ಒದರುತ್ತಿದ್ದವು. ಮನುಷ್ಯನ ಅಳತೆಗೆ ತೋಡಿದ ಹಳ್ಳದೊಳಗಿಂದ ಬರುವ ಆ ದನಿ ಇಂದಿಗೂ ಮಳೆಗಾಲದಲ್ಲಿ ನನ್ನ ಕಿವಿಗೆ ಬರುತ್ತದೆ.

ನೀಲಮ್ಮ ಎತ್ತರದ, ಗಟ್ಟಿ ಮೈಯ ಹೆಂಗಸು, ಹಣೆ ತುಂಬ ವಿಭೂತಿ. ಸೊಸೆ ಶಾಂತಾಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಕೊರಳಲ್ಲಿ ತಾಳಿ, ಕೈಯಲ್ಲಿ ಹಸಿರು ಬಳೆ ಹಾಗೇ ಇದ್ದವು. ಅವಳಿಗೆ ಕುಂಕುಮ ಹಚ್ಚಬೇಕೋ ಬಿಡಬೇಕೋ ತಿಳಿಯದೆ ಊರವರು ಅವಳನ್ನು ಯಾವ ಕಾರ್ಯಕ್ಕೂ ಕರೆಯುವುದನ್ನೇ ಬಿಟ್ಟಿದ್ದರು.

ನಾನು ಚೀಲದಿಂದ ಪುಸ್ತಕ ತೆಗೆದೆ. ನೀಲಮ್ಮ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಒಳಗೆ ಹೋದಳು. ಕರೆದಾಗ ಹೋಗಿ ನೋಡಿದರೆ ದೇವರ ಜಗಲಿಯ ಮುಂದೆ ಕಂಬಳಿ ಹಾಸಿದೆ, ಮರದ ಪುಸ್ತಕಪೀಠದ ಮೇಲೆ ನನ್ನ ಇಂಗ್ಲಿಷ್ ಪುಸ್ತಕ, ಅದಕ್ಕೆ ವಿಭೂತಿ, ಮೇಲೊಂದು ಕಣಗಿಲೆ ಹೂವು, ಪಕ್ಕದಲ್ಲಿ ದೀಪ. ಶ್ರಾವಣದಲ್ಲಿ ನಮ್ಮ ಊರುಗಳ ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಒಬ್ಬರು ಅರ್ಥ ಬಿಡಿಸುತ್ತಾರೆ, ಕೇಳುವವರು ಹೂಂ ಅನ್ನುತ್ತಾರೆ. ಅವಳಿಗೆ ಪುಸ್ತಕ ಕೇಳುವುದೆಂದರೆ ಅದೊಂದೇ ರೀತಿ. ನಾನು ಓದಿ ಕನ್ನಡದಲ್ಲಿ ಹೇಳುವುದು, ಖಾಜಾಸಾಬ್ ಬಿಡಿಸಿ ಹೇಳುವುದು ಎಂದಾಯಿತು.

"ಒಂದ ಮಾತ ಐತ್ರಿ ಅಕ್ಕಾರ" ಎಂದಳು ನೀಲಮ್ಮ. "ಸಾವಿನ ಮ್ಯಾಗ ಪುಸ್ತಕ ಮುಚ್ಚಬಾರದು. ಯಾರರ ಹುಟ್ಟಿದ್ದು, ಲಗ್ನ ಆಗಿದ್ದು, ಹೊಟ್ಟಿತುಂಬ ಉಂಡಿದ್ದು ಬಂದಾಗ ಆವತ್ತಿಂದು ನಿಲ್ಲಿಸ್ರಿ."

ಪುರಾಣ ಓದುವವರಿಗೆಲ್ಲ ಗೊತ್ತಿರುವ ರೂಢಿ ಅದು. ಸರಿ ಎಂದೆ. ಯುದ್ಧದ ಪುಸ್ತಕಕ್ಕೆ ಆ ಕರಾರು ಒಪ್ಪಿಕೊಂಡರೆ ಏನಾಗುತ್ತದೆ ಎಂದು ನಾನಾಗಲೀ ಖಾಜಾಸಾಬನಾಗಲೀ ಯೋಚಿಸಲಿಲ್ಲ. ಮೊದಲ ದಿನವೇ ಸಿಕ್ಕಿಬಿದ್ದೆವು. ಬಸ್ಸಿನ ಹೊತ್ತಿಗೆ ಸರಿಯಾಗಿ ಅಧ್ಯಾಯ ಮುಗಿದರೆ, ಅದರ ಕೊನೆಯಲ್ಲಿ ಒಬ್ಬ ಹಗ್ಗ ಜಾರಿ ಕಂದಕಕ್ಕೆ ಬಿದ್ದಿದ್ದ. ಮುಂದಿನ ಅಧ್ಯಾಯ ಹಿಡಿದೆ. ಅಲ್ಲಿ ಒಬ್ಬ ಉಸಿರು ಕಟ್ಟಿ ರಾತ್ರಿಯೇ ಹೋದ. ಬಸ್ಸಿನ ಹಾರ್ನ್ ಕೇಳಿಸಿತು. ಖಾಜಾಸಾಬ್ ಎದ್ದ, ನೀಲಮ್ಮನ ಮುಖ ನೋಡಿ ಮತ್ತೆ ಕುಳಿತ. ಇನ್ನೂ ಒಂದಷ್ಟು ಪುಟಗಳಾದ ಮೇಲೆ, ಹೆಪ್ಪುಗಟ್ಟಿದ ಕಿತ್ತಳೆಯನ್ನು ಸುತ್ತಿಗೆಯಿಂದ ಒಡೆದು ಹುಡುಗರು ಚೀಪಿದರು ಎಂಬ ಸಾಲು ಬಂದಾಗ ಅವಳು "ಹೂಂ, ಸಾಕ್ರಿ" ಎಂದಳು. ನಾವು ಯಾರದೋ ಟ್ರ್ಯಾಕ್ಟರಿನಲ್ಲಿ ಮಸ್ಕಿ ಮುಟ್ಟಿದೆವು.

ಪ್ರತಿ ಭಾನುವಾರ ಹೀಗೇ. ಅವಳ ಪ್ರಶ್ನೆಗಳು ಒಂದೊಂದೂ ನನ್ನ ಇಷ್ಟು ವರ್ಷದ ಓದನ್ನು ನಿಲ್ಲಿಸಿ ಕೇಳುತ್ತಿದ್ದವು. ಯಾವ ಶಿಖರ, ಯಾರ ವಶ, ಎಷ್ಟು ಎತ್ತರ ಅವಳಿಗೆ ಬೇಕಿರಲಿಲ್ಲ.

"ಅಲ್ಲಿ ಒಬ್ಬೊಬ್ಬರಽ ಇರತಾರೋ, ಕೂಡಿ ಇರತಾರೋ?"

"ಕೂಡಿ ಅಕ್ಕಾ" ಎನ್ನುತ್ತಿದ್ದ ಖಾಜಾಸಾಬ್. "ಒಂದಽ ಡೇರೆದಾಗ, ಮೈಗೆ ಮೈ ಹತ್ತಿ ಮಲಗತಾರ."

"ಬರ್ಫ ಮ್ಯಾಲ ಬಿದ್ರ ನೋವು ಆಗತೈತೇನು?"

ಈ ಪ್ರಶ್ನೆಗೆ ಅವನು ಮೊದಲು ಅಡುಗೆಮನೆಯ ಕಡೆ ನೋಡಿದ. ಆಮೇಲೆ, "ಸ್ವಲ್ಪ ಹೊತ್ತು. ಆಮ್ಯಾಲ ನಿದ್ದಿ ಬಂದಂಗ ಆಗತೈತಿ ಅಂತಾರ. ನಾ ಕಂಡಿಲ್ಲಕ್ಕಾ, ಸುಳ್ಳ ಹೇಳಂಗಿಲ್ಲ" ಎಂದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಾಂತಾ ಒಳಗೆ ಸರಿದಳು. ಅವಳು ಒಂದು ದಿನವೂ ಕಂಬಳಿಯ ಮೇಲೆ ಕುಳಿತು ಕೇಳಲಿಲ್ಲ. ಓದು ನಡೆದಾಗ ಅವಳ ಮೊಬೈಲು ರಿಂಗಾದರೆ ಹಿತ್ತಲಿಗೆ ಓಡುತ್ತಿದ್ದಳು. ಮಾತನಾಡಿದ್ದು ಕೇಳಿಸುತ್ತಿರಲಿಲ್ಲ. ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು.

ಕೊನೆಯ ಅಧ್ಯಾಯವನ್ನು ಓದುವ ಭಾನುವಾರ ಮಳೆ ಜೋರಾಗಿತ್ತು. ಆ ಅಧ್ಯಾಯದಲ್ಲಿ ಲೇಖಕರ ಪೋಸ್ಟಿನ ಮೇಲೇ ಹಿಮ ಕುಸಿಯುತ್ತದೆ. ಅಗೆಯುತ್ತಾರೆ, ಮತ್ತೆ ಹಿಮ ಬೀಳುತ್ತದೆ, ಮತ್ತೆ ಅಗೆಯುತ್ತಾರೆ. ಸಾಕು ನಿಲ್ಲಿಸಿ ಎಂದು ಮೇಲಿನಿಂದ ಹುಕುಂ ಬರುತ್ತದೆ. ನಮ್ಮ ಹುಡುಗರನ್ನು ಅಲ್ಲೇ ಬಿಟ್ಟು ಇಳಿದೆವು, ಅವರು ಇನ್ನೂ ಅಲ್ಲೇ ಇದ್ದಾರೆ ಎಂದು ಬರೆದು ಆ ಮನುಷ್ಯ ಪುಸ್ತಕ ಮುಗಿಸಿದ್ದಾರೆ. ಇದು ಹೀಗೇ ಮುಗಿಯುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಕನ್ನಡದಲ್ಲಿ ಆ ಮಾತು ನನ್ನ ಬಾಯಿಂದಲೇ ಬರಬೇಕಾಯಿತು.

"ಹೂಂ" ಎಂದಳು ನೀಲಮ್ಮ. "ಮುಂದ?"

"ಮುಗೀತವ್ವ."

"ಹ್ಯಾಂಗ ಮುಗೀತು? ಸಾವಿನ ಮ್ಯಾಗ ಹ್ಯಾಂಗ ಮುಚ್ಚಾಕ ಬರತೈತಿ?"

ಮುಂದಿನ ಪುಟ ತಿರುವಿ ತೋರಿಸಿದೆ. ಖಾಲಿ ಹಾಳೆ. ಅವಳು ಆ ಬಿಳಿ ಹಾಳೆಯ ಮೇಲೆ ಕೈಯಾಡಿಸಿದಳು. ಪುಸ್ತಕ ಮುಚ್ಚಲು ಹೋದ ನನ್ನ ಕೈಯನ್ನು ಹಿಡಿದು ತಡೆದಳು. "ಇರಲಿ. ಇದು ಮುಗದಿಲ್ಲ."

ಪುಸ್ತಕವನ್ನು ಪೀಠದ ಮೇಲೆ ತೆರೆದೇ ಬಿಟ್ಟು ಬಂದೆವು. ಆ ವಾರ ನನಗೆ ಪಾಠದಲ್ಲಿ ಚಿತ್ತವಿರಲಿಲ್ಲ. ಹೊರಗೆ ಹೊಲದಲ್ಲಿ ಅದು ತೆರೆದಿದೆ, ಒಳಗೆ ಮನೆಯಲ್ಲಿ ಇದು ತೆರೆದಿದೆ, ನಡುವೆ ಆ ಇಬ್ಬರು ಹೆಂಗಸರು ಉಣ್ಣುತ್ತಾರೆ, ಮಲಗುತ್ತಾರೆ. ಗಾಳಿಗೆ ಹಾಳೆ ತಿರುಗಿದ ಸದ್ದು ಕೇಳಿದಂತಾಗಿ ಲಿಂಗಸುಗೂರಿನ ನನ್ನ ಮನೆಯಲ್ಲಿ ನಾನು ಬೆಚ್ಚುತ್ತಿದ್ದೆ. ಒಳ್ಳೆಯದು ಮಾಡಲು ಹೋಗಿ ಆ ಮನೆಗೆ ಇನ್ನೊಂದು ಕುಣಿ ತೋಡಿ ಬಂದೆವೇನೋ ಎಂದು ಭಯವಾಯಿತು. ಅಷ್ಟರಲ್ಲಿ ಊರ ಹಿರಿಯರು ಒಂದಾಗಿ, ಬರುವ ಅಮಾವಾಸ್ಯೆಯೊಳಗೆ ಯಾರು ಅಡ್ಡ ಬಂದರೂ ಮುಚ್ಚಿಸುವುದೇ ಸೈ ಎಂದು ತೀರ್ಮಾನಿಸಿದ್ದರು. ಅಮಾವಾಸ್ಯೆಗೆ ಮೊದಲು ಒಂದೇ ಭಾನುವಾರ ಉಳಿದಿತ್ತು.

ಆ ಭಾನುವಾರ ನಾನು ಗೂಬೆಗಳ ಪುಸ್ತಕ ಹಿಡಿದುಕೊಂಡು ಹೋದೆ. ಮರಿಗಳು ಮೊಟ್ಟೆಯೊಡೆದು ಬರುವ ಅಧ್ಯಾಯ ಅದರಲ್ಲಿದೆ. ಆಗಷ್ಟೇ ಓದಿ ಮುಗಿಸಿದ್ದೆ, ಎಲ್ಲರಿಗೂ ಓದಿರೆಂದು ಹೇಳುತ್ತಿದ್ದೆ. ಇದನ್ನು ಓದಿ ನಿಲ್ಲಿಸೋಣ ಎಂದರೆ ನೀಲಮ್ಮ ತಲೆ ಅಲ್ಲಾಡಿಸಿದಳು.

"ಅದು ಬ್ಯಾರೆ ಪುರಾಣ ಅಕ್ಕಾರ. ಇದರ ಕಡಿ ಇದರಾಗಽ ಬರಬೇಕು. ನನ್ನ ಮಗನ ಜ್ವಾಡಿ ಇದ್ದ ಯಾವನರ ಒಬ್ಬ ಬದುಕಿ ಬಂದಾನೇನು? ಒಬ್ಬನರ?"

ಖಾಜಾಸಾಬ್ ನೆಲ ನೋಡಿದ. ಆಗ ಅಡುಗೆಮನೆಯ ಬಾಗಿಲಿಂದ ಶಾಂತಾ ಮಾತಾಡಿದಳು. ಅವಳ ದನಿಯನ್ನು ನಾನು ಅಷ್ಟು ಉದ್ದಕ್ಕೆ ಕೇಳಿದ್ದು ಅದೇ ಮೊದಲು.

"ಒಬ್ಬಾಂವ ಬಂದಾನ ಅತ್ತಿ."

ಎಲ್ಲರೂ ತಿರುಗಿದೆವು. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು.

"ಆ ವಾರ ಕೆಳಗ ಇಳಿಯೂ ಪಾಳಿ ಇವರದಿತ್ತು. ಜ್ವಾಡಿ ಇದ್ದಾಂವನ ಹೆಂಡ್ತಿಗೆ ದಿನ ತುಂಬಿತ್ತು. ಪಾಳಿ ಅವಗ ಕೊಡಲೇನು ಅಂತ ನನಗ ಫೋನ್ ಹಚ್ಚಿ ಕೇಳಿದ್ರು. ಏನಂತಿ ಶಾಂತಾ ಅಂದ್ರು. ನಾ... ಕೊಡ್ರಿ ಅಂದೆ. ಹೆಣ್ಮಗಳ ಹೆರಿಗಿ ಅಂದ್ರ ಸಣ್ಣ ಮಾತಲ್ಲ, ಕೊಡ್ರಿ ಅಂದೆ. ನಾನಽ ಅಂದೆ ಅತ್ತಿ."

ಅವಳು ಸೆರಗಿನೊಳಗಿಂದ ಮೊಬೈಲು ತೆಗೆದು ತೋರಿಸಿದಳು.

"ಅವ ಇಳದು ಹೋದ. ಅವ ಮನಿ ಮುಟ್ಟೂದರಾಗ ಮ್ಯಾಲ ಹಿಂಗಾತು. ಅವಂದಽ ಫೋನು ಇದು, ವಾರಾ ವಾರಾ ಮಾಡತಾನ. ಒಂದಽ ಸಲ ಎತ್ತೀನಿ. ಅಳಾಕತ್ತಿದ್ದ. ಭಾಬೀ, ಮಗಳು ಹುಟ್ಯಾಳ ಅಂದ. ಆಮ್ಯಾಲ ನನಗ ಎತ್ತಾಕ ಧೈರ್ಯ ಆಗಿಲ್ಲ."

ನೀಲಮ್ಮ ಸೊಸೆಯತ್ತ ನೋಡಲಿಲ್ಲ. ಅವಳ ಎರಡೂ ಕೈ ಮೊಣಕಾಲ ಮೇಲೆ ಬಿಗಿದುಕೊಂಡವು. ಈಗ ಎದ್ದು ಹೊಡೆಯುತ್ತಾಳೆ ಎಂದೇ ನನಗೆ ಅನ್ನಿಸಿತು. ಬೈದರೆ ಸಾಕಪ್ಪ, ಶಾಪ ಹಾಕದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಬಾಗಿಲಾಚೆಯ ಮಳೆಯನ್ನೇ ನೋಡುತ್ತ ಒರಟಾಗಿ ಕೇಳಿದಳು.

"ಬಾಣಂತಿ ಅರಾಮ ಅದಾಳಂತೇನು?"

"ಅದಾಳಂತ."

"ಕೂಸು?"

"ಅದೂ."

ನೀಲಮ್ಮ ಪೀಠದ ಹತ್ತಿರ ಸರಿದಳು. ಖಾಲಿ ಹಾಳೆಯ ಮೇಲೆ ಒಂದು ಚಿಟಿಕೆ ವಿಭೂತಿ ಹಾಕಿದಳು, ಪುಸ್ತಕ ಮುಚ್ಚಿದಳು, ಹಣೆಗೊತ್ತಿಕೊಂಡು ನನ್ನ ಕೈಗೆ ಕೊಟ್ಟಳು. ಪುರಾಣ ಮುಗಿದ ಮೇಲೆ ಕೊಡುವಂತೆ ಒಣಕೊಬ್ಬರಿ, ಸಕ್ಕರೆ ಕೊಟ್ಟಳು. ಆಮೇಲೆ ಹಿತ್ತಲಿಗೆ ಹೋಗಿ ಜೋರಾಗಿ ಅತ್ತಳು. ಅಷ್ಟು ತಿಂಗಳಲ್ಲಿ ಅವಳು ಅತ್ತದ್ದು ಅದೇ ಮೊದಲು ಎಂದು ಶಾಂತಾ ಹೇಳಿದಳು. ಅವಳ ಹಿಂದೆ ಹೋಗುವ ಧೈರ್ಯವಿಲ್ಲದೆ ನಾವು ಮೂವರೂ ಪಡಸಾಲೆಯಲ್ಲೇ ನಿಂತಿದ್ದೆವು.

ಆ ರಾತ್ರಿ ನಾನು ಅಲ್ಲೇ ಉಳಿದೆ. ಬೆಳಗಾದರೆ ಶ್ರಾವಣ ಸೋಮವಾರ, ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು. ನೀರು ನಿಂತ ಕುಣಿಗೆ ಮಣ್ಣು ಎಳೆಯಲು ನೀಲಮ್ಮ ಬಿಡಲಿಲ್ಲ. "ಮದಲ ಒಣಗಸ್ರಿ" ಎಂದಳು. ಮೊದಲ ಬಸ್ಸಿಗೆ ಮತ್ತೆ ಬಂದಿದ್ದ ಖಾಜಾಸಾಬ್ ಪ್ಯಾಂಟು ಮಡಚಿ ಕೆಳಗಿಳಿದು ಬಕೆಟ್ಟಿನಿಂದ ನೀರು ಎತ್ತಿಕೊಟ್ಟ, ಊರ ಗಂಡಸರು ಒಬ್ಬೊಬ್ಬರಾಗಿ ಬಂದು ಕೈ ಹಾಕಿದರು. ತಳಕ್ಕೆ ಒಣ ಮರಳು ಹರವಿದರು. ಮಠದ ಅಯ್ಯನವರು ಬಂದು ಬಿಲ್ವಪತ್ರೆ ವಿಭೂತಿ ಹಾಕಿದರು. ನಾವು ಓದುತ್ತ ಕುಳಿತಿದ್ದ ಕಂಬಳಿಯನ್ನು ನೀಲಮ್ಮ ಮಡಚಿ ತಂದಳು. ನಮ್ಮ ಕಡೆ ಕುಣಿಯಲ್ಲಿ ಮನುಷ್ಯನನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಅವಳು ಒಳಗೆ ಇಳಿದು ಕಂಬಳಿಯನ್ನು ಗೋಡೆಗೆ ಆನಿಸಿ ನೆಟ್ಟಗೆ ಕೂಡಿಸಿದಳು. ಅದು ಬಾಗಿತು, ಮತ್ತೆ ಕೂಡಿಸಿದಳು. ನೋಡುತ್ತಿದ್ದ ಖಾಜಾಸಾಬ್ ಟೊಪ್ಪಿಗೆ ತೆಗೆದು ಮುಖಕ್ಕೆ ಒತ್ತಿಕೊಂಡ.

ಮೇಲೆ ಬಂದು ಅವಳು ಶಾಂತಾಳ ಕೈ ಹಿಡಿದು ಎಳೆದುಕೊಂಡಳು. ಅತ್ತೆ ಸೊಸೆ ಕೂಡಿಯೇ ಮೊದಲ ಮಣ್ಣು ಹಾಕಿದರು. ಗಂಡಸರು ಮುಚ್ಚಿ, ತುಳಿದು, ಮೇಲೆ ಕಲ್ಲಿಟ್ಟು ಹೊರಟರು. ನೀಲಮ್ಮ ಮಾತ್ರ ಹೊಸ ಮಣ್ಣನ್ನೇ ನೋಡುತ್ತ ನಿಂತಿದ್ದಳು. ಹೋಗೋಣ ಎಂದು ನಾನು ಹೆಗಲು ಮುಟ್ಟಿದೆ. ಅವಳು ಖಾಜಾಸಾಬನನ್ನು ಕೇಳಿದಳು.

"ಇಳದು ಹೋದ ಆ ಹುಡುಗನ ಊರು ಎಲ್ಲಿ?"

"ಉತ್ತರದಾಗ ಅಕ್ಕಾ. ಗುಡ್ಡದ ಸೀಮಿ ಇರಬೇಕು, ಅವರ ಪಲ್ಟನ್ನಿನಾಗ ಆ ಕಡೆಯವರಽ ಹೆಚ್ಚು."

"ಅಲ್ಲಿ ಥಂಡಿ ಇರತೈತೇನು?"

"ಭಾಳ ಇರತೈತಿ."

ನೀಲಮ್ಮ ಸೊಸೆಯ ಕಡೆ ತಿರುಗಿದಳು. ಹಿಂದಿನ ದಿನದಿಂದ ಅವಳು ಶಾಂತಾಳ ಮುಖ ನೋಡಿ ಆಡಿದ ಮೊದಲ ಮಾತು ಅದು.

"ಫೋನ್ ಹಚ್ಚ ಅವಗ. ಕೂಸಿನ ತಲಿ ಬಯಲ ಬಿಡಬ್ಯಾಡ, ಬೆಚ್ಚಗ ಮುಚ್ಚು ಅಂತ ಹೇಳು."